ಎಲ್ಲಾ ಸರಿ ಅನ್ನುವ ಬಟನ್

“ಮುಟ್ಟಬೇಡ ಅಂದಿದ್ದೆ ತಾನೇ?” ಪರದೆಯಿಂದ ಕಣ್ಣು ತೆಗೆಯದೆಯೇ ಅಮ್ಮ ಕೇಳಿದಳು.

“ಮುಟ್ಟಿಲ್ಲಮ್ಮ. ಮೌಸಿಗೆ ಗಾಳಿ ಹಾಕ್ತಿದ್ದೆ,” ಎಂದಳು ಇಸಕ್ಕಿ.

“ಪಾಪ, ಅದಕ್ಕೂ ಸೆಕೆ,” ಎಂದು ಪಕ್ಕದ ಕುರ್ಚಿಯ ಶೆಣ್ಬಗಕ್ಕ ನಕ್ಕಳು. “ನಂಗೂ ಸ್ವಲ್ಪ ಬೀಸೇ ತಾಯಿ.”

ಶನಿವಾರ ಶಾಲೆಗೆ ರಜೆ. ಐದನೇ ಕ್ಲಾಸಿನ ಇಸಕ್ಕಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಮ್ಮ ಮಾರಿಸೆಲ್ವಿ ಕೆಲಸಕ್ಕೆ ಕರೆತಂದಿದ್ದಳು. ಕೋವಿಲ್‌ಪಟ್ಟಿಯಲ್ಲಿ ಹಿಂದೆ ಇದೇ ಮಹಡಿಯ ಮೇಲೆ ಹೆಂಗಸರು ಸಾಲಾಗಿ ಕೂತು ಬೆಂಕಿಪೊಟ್ಟಣಕ್ಕೆ ಕಡ್ಡಿ ತುಂಬುತ್ತಿದ್ದರು. ಈಗಲೂ ಸಾಲಾಗಿಯೇ ಕೂರುತ್ತಾರೆ. ಕಡ್ಡಿ ಹೋಗಿ ಕಂಪ್ಯೂಟರ್ ಬಂದಿದೆ, ಅಷ್ಟೆ.

ದೂರದ ಯಾವುದೋ ದೇಶದಲ್ಲಿ ಡ್ರೈವರ್ ಇಲ್ಲದೆ ಓಡುವ ಕಾರು ತಯಾರಾಗುತ್ತಿತ್ತು. ರಸ್ತೆಯಲ್ಲಿ ಯಾವುದು ಮನುಷ್ಯ, ಯಾವುದು ನಾಯಿ, ಯಾವುದು ಕಲ್ಲು ಎಂದು ಆ ಕಾರಿಗೆ ಯಾರಾದರೂ ಹೇಳಿಕೊಡಬೇಕಲ್ಲ. ರಸ್ತೆಯ ಫೋಟೋಗಳು ಇಲ್ಲಿಗೆ ಬರುತ್ತಿದ್ದವು. ಮಾರಿಸೆಲ್ವಿ ಒಂದೊಂದರ ಸುತ್ತಲೂ ಗೆರೆ ಎಳೆದು ಹೆಸರು ಕೊಡುತ್ತಿದ್ದಳು.

“ನಮ್ಮಮ್ಮ ಕಾರಿಗೆ ಡ್ರೈವಿಂಗ್ ಕಲಿಸ್ತಾಳೆ,” ಎಂದು ಇಸಕ್ಕಿ ಕ್ಲಾಸಿನಲ್ಲೆಲ್ಲ ಹೇಳಿಕೊಂಡಿದ್ದಳು. ಮಾರಿಸೆಲ್ವಿಗೆ ಸೈಕಲ್ಲೂ ಬರುತ್ತಿರಲಿಲ್ಲ. ಆ ಮಾತು ಬೇರೆ.

ಹೋದ ತಿಂಗಳು ಸಾಫ್ಟ್‌ವೇರ್ ಹೊಸದಾಯಿತು. ಮೇಲ್ವಿಚಾರಕ ಜೆಬರಾಜ್ ಸಾರ್ ಎಲ್ಲರಿಗೂ ಲಡ್ಡು ಹಂಚಿದ್ದರು. “ಇನ್ಮೇಲೆ ಗೆರೆ ಎಳೆಯೋ ಕಷ್ಟ ನಿಮಗಿಲ್ಲ. ಅದೇ ಎಳೆಯುತ್ತೆ, ಅದೇ ಹೆಸರು ಹಾಕುತ್ತೆ. ನೀವು ನೋಡಿ ಸರಿ ಅಂದ್ರೆ ಸಾಕು.”

ಇನ್ನೊಂದು ಹೊಸ ಏರ್ಪಾಡೂ ಬಂದಿತ್ತು. ಒಂದೇ ಫೋಟೋ ನಾಲ್ಕು ಜನರ ಮುಂದೆ ಹೋಗುತ್ತದೆ. ಮೂವರು ಒಂದು ಮಾತು ಹೇಳಿ, ನಾಲ್ಕನೆಯವಳು ಬೇರೆ ಹೇಳಿದರೆ ನಾಲ್ಕನೆಯವಳ ಅಂಕ ಕಳೆಯುತ್ತದೆ.

ಉಳಿದವರೆಲ್ಲ ಸರಿ, ಸರಿ, ಸರಿ ಎಂದು ಒತ್ತುತ್ತಿದ್ದರು. ಮಾರಿಸೆಲ್ವಿ ಮಾತ್ರ ಯಂತ್ರ ಎಳೆದ ಗೆರೆಯನ್ನು ಅಳಿಸಿ ತಿದ್ದುತ್ತಿದ್ದಳು. ಗೆರೆ ಕೈಯಿಂದ ಎಳೆಯುತ್ತಿದ್ದ ಕಾಲದಲ್ಲಿ ಗೋಡೆಯ ಪಟ್ಟಿಯಲ್ಲಿ ಅವಳ ಹೆಸರು ಮೊದಲಿರುತ್ತಿತ್ತು. ಈಗ ಎರಡು ವಾರದಿಂದ ಕೊನೆಗಿತ್ತು. ಇವತ್ತಿನ ನಲವತ್ತು ಫೋಟೋಗಳಲ್ಲಿ ನೂರಕ್ಕೆ ತೊಂಬತ್ತೈದು ಅಂಕ ಬರದಿದ್ದರೆ ರಸ್ತೆ ಟೀಮಿನಿಂದ ಹೊರಗೆ.

ಹನ್ನೆರಡನೆಯ ಫೋಟೋ ಮುಗಿದಿತ್ತು. “ಮಾರಿಸೆಲ್ವಿ, ಸ್ವಲ್ಪ ಒಳಗೆ ಬನ್ನಿ,” ಎಂದು ಜೆಬರಾಜ್ ಸಾರ್ ಕರೆದರು.

ಒಳಗಿನ ಮಾತು ಹೊರಗೂ ಕೇಳುತ್ತಿತ್ತು. “ಯಂತ್ರ ಬರೆದಿದ್ದನ್ನ ಅಳಿಸೋಕೆ ನಿಮಗ್ಯಾಕೆ ಅಷ್ಟು ಆಸೆ? ಅದು ಲಕ್ಷಾಂತರ ಫೋಟೋ ನೋಡಿದೆ.”

“ಆ ಲಕ್ಷದಲ್ಲಿ ಅರ್ಧ ನಾನೇ ತೋರಿಸಿದ್ದಲ್ವಾ ಸಾರ್,” ಎಂದಳು ಅಮ್ಮ.

ಇಸಕ್ಕಿ ಅಮ್ಮನ ಖಾಲಿ ಕುರ್ಚಿಗೆ ಜರುಗಿದಳು. ಸೋಮವಾರ ಕ್ಲಾಸಿನಲ್ಲಿ ಏನು ಹೇಳುವುದು? ಪರದೆಯ ಕೆಳಗೆ ಹೊಸದೊಂದು ಹಸಿರು ಬಟನ್ ಇತ್ತು. ‘ಎಲ್ಲಾ ಸರಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅಷ್ಟು ಇಂಗ್ಲಿಷ್ ಅವಳಿಗೆ ಬರುತ್ತಿತ್ತು.

ಒತ್ತಿಬಿಟ್ಟಳು.

ಉಳಿದ ಇಪ್ಪತ್ತೆಂಟು ಫೋಟೋಗಳು ಒಂದರ ಹಿಂದೆ ಒಂದು ಹಸಿರು ಗುರುತು ಹಾಕಿಸಿಕೊಂಡು ಓಡಿದವು. ಬಸ್ಸು, ಹಸು, ಹಳದಿ ಗೋಡೆ. ಕೊನೆಯದು ಒಂದು ಕ್ಷಣ ನಿಂತಿತು. ರಸ್ತೆಯಂಚಿನಲ್ಲಿ ಕಂದು ಬಣ್ಣದ ಗುಪ್ಪೆಯೊಂದು, ಸುತ್ತ ನೀಟಾದ ಗೆರೆ, ಮೇಲೆ ಹೆಸರು: ಮೂಟೆ.

ಅದರ ಕೆಳಗಿನಿಂದ ಒಂದು ಕಾಲ್ಬೆರಳು ಇಣುಕುತ್ತಿತ್ತು.

ಇಸಕ್ಕಿ ಮತ್ತೆ ನೋಡುವಷ್ಟರಲ್ಲಿ ಅದೂ ಓಡಿತು. ಪರದೆಯ ಮೇಲೆ ದೊಡ್ಡದಾಗಿ ತೊಂಬತ್ತೆಂಟು ಎಂದು ಬಂತು. ಬಣ್ಣದ ಕಾಗದದ ಚೂರುಗಳು ಉದುರಿದವು.

“ಅಯ್ಯಪ್ಪ, ಸೆಲ್ವಿ ಅಕ್ಕ ಫಸ್ಟು,” ಎಂದಳು ಶೆಣ್ಬಗಕ್ಕ.

ಜೆಬರಾಜ್ ಸಾರ್ ತಮ್ಮ ಕಂಪ್ಯೂಟರಿನಲ್ಲೂ ಅದನ್ನು ಕಂಡು ಹೊರಗೆ ಬಂದರು. ಹಿಂದೆಯೇ ಅಮ್ಮ. “ನೋಡಿ, ಒಂದು ಮಾತು ಹೇಳಿದ್ದಕ್ಕೆ ಹೇಗೆ ಬದಲಾದ್ರಿ. ಎಲ್ಲಾರೂ ಇವರನ್ನ ನೋಡಿ ಕಲೀರಿ.” ಬಟನ್ ಒತ್ತಿದ ಹೊತ್ತಿನಲ್ಲಿ ಅಮ್ಮ ತಮ್ಮ ಎದುರಿಗೇ ನಿಂತಿದ್ದಳು ಎಂಬುದು ಅವರಿಗೆ ಹೊಳೆಯಲಿಲ್ಲ. ಗ್ರೂಪಿಗೆ ಹಾಕಲು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರು.

ಅಮ್ಮ ಪರದೆ ನೋಡಿದಳು. ಆಮೇಲೆ ಇಸಕ್ಕಿಯನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಲ್ಲಾದನ್ನೂ ನೋಡಿದ್ಯಾ?” ಎಂದು ಮೆಲ್ಲಗೆ ಕೇಳಿದಳು.

ಇಸಕ್ಕಿ ಇಲ್ಲವೆಂದು ತಲೆಯಾಡಿಸಿದಳು. ಸುಮ್ಮನಿದ್ದರೆ ಅಮ್ಮ ಟೀಮಿನಲ್ಲಿ ಉಳಿಯುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಆ ಕಾಲ್ಬೆರಳು ಮಾತ್ರ ಕಣ್ಣೊಳಗೇ ಕೂತಿತ್ತು.

“ಕೊನೇದ್ರಲ್ಲಿ ಮೂಟೆ ಅಂತಿತ್ತಮ್ಮ. ಮೂಟೆಗೆ ಕಾಲಿತ್ತು.”

ಅಮ್ಮ ಆ ಫೋಟೋ ತೆರೆದು ದೊಡ್ಡದು ಮಾಡಿದಳು. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಬಿಸಿಲಿಗೆ ಮುದುಡಿ ಕೂತ ಹೆಂಗಸು. ಮುಂದೆ ನಾಲ್ಕು ಕಟ್ಟು ಸೊಪ್ಪು.

“ನಿಮ್ಮಜ್ಜಿನೂ ಸಂತೇಲಿ ಹೀಗೇ ಕೂರ್ತಿದ್ದದ್ದು,” ಎಂದು ಅಮ್ಮ ಎದ್ದಳು. “ಸಾರ್, ಈ ನಲವತ್ತೂ ನಂಗೆ ವಾಪಸ್ ಬೇಕು.”

“ತೊಂಬತ್ತೆಂಟು ಬಂದಿದೆಯಲ್ರೀ. ತಲೆ ಕೆಟ್ಟಿದೆಯಾ?”

“ಇದ್ರಲ್ಲಿ ಒಬ್ಬಾಕೆ ಕೂತಿದಾಳೆ ಸಾರ್.”

ಜೆಬರಾಜ್ ಸಾರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. ಅವರಿಗೂ ಕಂಡಿತು ಎಂದು ಇಸಕ್ಕಿಗೆ ಅನ್ನಿಸಿತು.

“ಮೂರು ಜನ ಮೂಟೆ ಅಂದಿದಾರೆ. ಯಂತ್ರಾನೂ ಅಂದಿದೆ. ನಾಲ್ಕಾಯ್ತು. ನೀವು ಒಬ್ರು.”

“ಆಕೇನೂ ಸೇರಿಸ್ಕೊಳ್ಳಿ ಸಾರ್, ಇಬ್ರಾಗ್ತೀವಿ.”

ಶೆಣ್ಬಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂಟೆ ಎಂದು ಒತ್ತಿದ ಮೂವರಲ್ಲಿ ಅವಳೂ ಒಬ್ಬಳು.

ವಾಪಸು ಪಡೆಯಲು ಕಾರಣ ಕೊಡಬೇಕಿತ್ತು. ಕಾರಣಗಳ ಪಟ್ಟಿಯನ್ನೂ ಸಾಫ್ಟ್‌ವೇರೇ ಕೊಟ್ಟಿತ್ತು. ಫೋಟೋ ಮಸುಕು. ಒಂದೇ ಫೋಟೋ ಎರಡು ಸಲ. ನೆಟ್‌ವರ್ಕ್ ಕೈಕೊಟ್ಟಿತು. ‘ನೋಡಿರಲಿಲ್ಲ’ ಎಂಬುದು ಅದರಲ್ಲಿರಲಿಲ್ಲ. ಜೆಬರಾಜ್ ಸಾರ್ ನಿಟ್ಟುಸಿರು ಬಿಟ್ಟು ನೆಟ್‌ವರ್ಕಿನ ಮೇಲೆ ಹಾಕಿದರು.

“ಅಂಕ ಇಳಿದ್ರೆ ನನ್ನ ಕೇಳಬೇಡಿ.”

“ಇಲ್ಲ ಸಾರ್.”

ಸಂಜೆಯವರೆಗೆ ಅಮ್ಮ ನಲವತ್ತನ್ನೂ ನೋಡಿದಳು. ಸೊಪ್ಪಿನಾಕೆಯ ಸುತ್ತ ಕೈಯಿಂದಲೇ ಗೆರೆ ಎಳೆದಳು. ತಲೆಯ ಕೊಪ್ಪೆ, ಬಾಗಿದ ಬೆನ್ನು, ಕೊನೆಗೆ ಆ ಕಾಲ್ಬೆರಳು. ಹೆಸರು ಬದಲಾಯಿಸಿದಳು: ಮನುಷ್ಯ.

ತೊಂಬತ್ತೊಂದು ಬಂತು. ಕಾಗದದ ಚೂರು ಉದುರಲಿಲ್ಲ.

ಮನೆಗೆ ಹೋಗುವಾಗ ಇಸಕ್ಕಿ ಅಮ್ಮನ ಕೈ ಹಿಡಿದುಕೊಂಡಳು. “ನಾನು ಒತ್ತಬಾರದಿತ್ತು.”

“ಹೂಂ.”

“ಹೇಳಬಾರದಿತ್ತಾ?”

“ಹಾಗಂದ್ನಾ ನಾನು?” ಎಂದು ಅಮ್ಮ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಸೋಮವಾರ ಗೋಡೆಯ ಪಟ್ಟಿಯಲ್ಲಿ ಮಾರಿಸೆಲ್ವಿಯ ಹೆಸರು ರಸ್ತೆ ಟೀಮಿನಿಂದ ಟೊಮೇಟೊ ಟೀಮಿಗೆ ಇಳಿದಿತ್ತು. ಒಂದು ಫೋಟೋಗೆ ಸಿಗುವ ದುಡ್ಡು ಅಲ್ಲಿ ಅರ್ಧ. ಗಿಡದಲ್ಲಿ ಎಷ್ಟು ಹಣ್ಣಿದೆ ಎಂದು ಕಾರಿಗಲ್ಲ, ಹಣ್ಣು ಕೀಳುವ ಯಾವುದೋ ಯಂತ್ರಕ್ಕೆ ಹೇಳಿಕೊಡುವ ಕೆಲಸ.

ಮರುದಿನ ಕ್ಲಾಸಿನಲ್ಲಿ ಯಾರೋ ಕೇಳಿದರು, “ನಿಮ್ಮಮ್ಮ ಈಗ ಯಾವ ಕಾರಿಗೆ ಕಲಿಸ್ತಾಳೆ?”

“ಟೊಮೇಟೊ ಎಣಿಸ್ತಾಳೆ,” ಎಂದಳು ಇಸಕ್ಕಿ. ಅವರು ನಕ್ಕರು. ಅವಳಿಗೂ ಸ್ವಲ್ಪ ನಗು ಬಂತು.

ಶಾಲೆ ಬಿಟ್ಟಮೇಲೆ ಮಹಡಿ ಹತ್ತಿ ಅಮ್ಮನ ಪಕ್ಕ ಕೂತಳು. ಪರದೆಯ ತುಂಬ ಹಸಿರು ಗಿಡ. ಯಂತ್ರ ಮೂವತ್ತೊಂದು ಹಣ್ಣಿಗೆ ಗೆರೆ ಹಾಕಿ ಮುಗಿಸಿತ್ತು. ಅಮ್ಮ ಒತ್ತದೆ ನೋಡುತ್ತಲೇ ಇದ್ದಳು. ಎಲೆಯ ಹಿಂದಿನಿಂದ ಅರ್ಧ ಕಾಣುತ್ತಿದ್ದ ಹಣ್ಣೊಂದು ಅವಳಿಗೆ ಸಿಕ್ಕಿತು. ಮೂವತ್ತೆರಡು.

“ಯಾರೂ ನೋಡಲ್ವಲ್ಲಮ್ಮ,” ಎಂದಳು ಇಸಕ್ಕಿ.

“ನಾನು ನೋಡ್ತಿದೀನಲ್ಲ.”

ಇಸಕ್ಕಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಬೆರಳು ತೋರಿಸಿದಳು. “ಅಲ್ಲಿ, ಕಾಂಡದ ಹಿಂದೆ.”

“ಹೌದಲ್ಲ,” ಎಂದು ಅಮ್ಮ ಅದರ ಸುತ್ತಲೂ ಗೆರೆ ಎಳೆದಳು.

ಮೂಲೆಯಲ್ಲಿದ್ದ ಅಂಕ ಒಂದು ಇಳಿಯಿತು. ಇಸಕ್ಕಿ ಅದನ್ನು ಕಂಡಳು. ಕಂಡು, ಮತ್ತೆ ಎಲೆಗಳ ಸಂದಿಗೆ ಕಣ್ಣು ಹಾಕಿದಳು.