ಸಿಳ್ಳೆ ಗಾಡಿಯ ನಾಲ್ಕು ರಾಡುಗಳು

ಗುರುವಾರ ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ ಗ್ಯಾರೇಜಿನ ಮಾಲೀಕನೊಬ್ಬ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಹಿಂದಿನ ರಾತ್ರಿ ಅವನ ಗ್ಯಾರೇಜಿನಿಂದ ಹೊಸ ಟರ್ಬೊ ಒಂದು, ಇಂಜಿನ್ನಿನ ಕನೆಕ್ಟಿಂಗ್ ರಾಡುಗಳು ನಾಲ್ಕು ಹೋಗಿದ್ದವು. ವಯಸ್ಸು ನಲವತ್ತೆಂಟು, ಉಗುರಿನ ಸಂದಿಯಲ್ಲಿ ಕರಿ ಎಣ್ಣೆ, ಮಾತಿನಲ್ಲಿ ಸಿಟ್ಟಿಗಿಂತ ಅಳು ಹೆಚ್ಚು.

“ಬರೋ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬೆಟ್ಟದ ರಸ್ತೇಲಿ ಹಳೇ ಗಾಡಿಗಳ ಓಟ ಸಾರ್. ಅಪ್ಪನ ಗಾಡಿ ನಾನೇ ಓಡಿಸ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಇವತ್ತು ಇಂಜಿನ್ ಜೋಡಿಸ್ಬೇಕಿತ್ತು.”

“ಯಾವ ಗಾಡಿ?” ಎಂದರು ಇನ್ಸ್‌ಪೆಕ್ಟರ್.

“ನೀಲಿದು. ಜನ ಸಿಳ್ಳೆ ಗಾಡಿ ಅಂತಿದ್ರು.”

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮೂವತ್ತೈದು ವರ್ಷದ ಹಿಂದೆ ಅವರು ಹೊಸ ಕಾನ್‌ಸ್ಟೇಬಲ್. ನಾಲ್ಕು ರಸ್ತೆ ಕೂಡುವಲ್ಲಿ ಸಂಜೆ ಡ್ಯೂಟಿ. ಗಾಡಿ ಕಾಣುವ ಮೊದಲೇ ಅದರ ಟರ್ಬೊ ಸಿಳ್ಳೆ ಕೇಳುತ್ತಿತ್ತು. ಒಂದು ದಿನ ಕೈ ಅಡ್ಡ ಹಿಡಿದು ನಿಲ್ಲಿಸಿಯೇಬಿಟ್ಟರು. ಓಡಿಸುತ್ತಿದ್ದ ಮೆಕ್ಯಾನಿಕ್ ವಾದಕ್ಕಿಳಿಯದೆ, ಇಳಿದು ಬಾನೆಟ್ ಎತ್ತಿದ. ಹಿಂದಿನ ಸೀಟಿನಿಂದ ಅವನ ಮಕ್ಕಳಿಬ್ಬರು ಹಾರಿ ಇಳಿದರು. ಹುಡುಗ ಹಾರ್ನ್ ಒತ್ತುತ್ತ ನಿಂತ. ಎರಡು ಜಡೆಯ ಹುಡುಗಿ ಟಾರ್ಚು ಬಿಟ್ಟು, “ಇದು ಟರ್ಬೊ ಮಾಮಾ, ಇದು ಬಿಸಿ ಗಾಳೀನ ತಣ್ಣಗೆ ಮಾಡೋದು” ಎಂದು, ಮನೆಯ ನೆಂಟರನ್ನು ಪರಿಚಯಿಸಿದ ಹಾಗೆ ಒಂದೊಂದನ್ನೇ ಹೇಳಿದಳು. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ. ದಂಡ ಹಾಕುವುದನ್ನು ಕಾನ್‌ಸ್ಟೇಬಲ್ ಮರೆತೇಬಿಟ್ಟಿದ್ದರು. ಎಂಥ ಸಂಜೆಗಳವು! ಆಮೇಲೆ ಊರೂರು ತಿರುಗಿ, ಇಲ್ಲಿಗೇ ಮರಳಿ ಬರುವಷ್ಟರಲ್ಲಿ ಮೆಕ್ಯಾನಿಕ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ದಫೇದಾರರ ಜತೆ ಗ್ಯಾರೇಜಿಗೆ ಹೋಗಿ ಪಂಚನಾಮೆ ಶುರು ಮಾಡಿದರು. ಪಂಚರಲ್ಲಿ ಒಬ್ಬ ಪಕ್ಕದ ಬೀಗದಂಗಡಿಯವನು. ಅವನು ಹಿಂಬಾಗಿಲ ಶಟರ್ ನೋಡಿ, “ಬೀಗ ಮುಟ್ಟೇ ಇಲ್ಲ ಸಾರ್” ಎಂದ.

“ಎಡಮೂಲೆಗೆ ಮಂಡಿ ಕೊಟ್ಟು ಎತ್ತಿದ್ರೆ ಬೀಗ ಇದ್ರೂ ಮೇಲಕ್ಕೆ ಹೋಗುತ್ತೆ. ಅದು ಮನೆಯವರಿಗೆ ಮಾತ್ರ—” ಎಂದ ಮಾಲೀಕ ಅಲ್ಲಿಗೇ ತುಟಿ ಕಚ್ಚಿಕೊಂಡ.

ಒಳಗೆ ಬಿಚ್ಚಿದ ಇಂಜಿನ್ ಸ್ಟ್ಯಾಂಡಿನ ಮೇಲಿತ್ತು. ತಿಂಗಳಿಡೀ ಅಳೆದು ಸುರಿದು ಆರಿಸಿ ತಂದ ಬಿಡಿಭಾಗಗಳು ಮೇಜಿನ ಮೇಲೆ ಸಾಲಾಗಿದ್ದವು: ಗಟ್ಟಿ ಪಿಸ್ಟನ್ನುಗಳು, ಉಕ್ಕಿನ ಪದರದ ಹೆಡ್ ಗ್ಯಾಸ್ಕೆಟ್, ದೊಡ್ಡ ಇಂಜೆಕ್ಟರುಗಳು, ಪೆಟ್ರೋಲ್ ಪಂಪು, ಫಳಫಳ ಹೊಳೆಯುವ ಇಂಟರ್‌ಕೂಲರ್. ಬಿಚ್ಚಿಟ್ಟ ಹಳೆಯ ಟರ್ಬೊ ಮೂಲೆಯ ಕಪಾಟಿನಲ್ಲಿತ್ತು.

“ಟರ್ಬೊ ಸರಿ, ಇಷ್ಟು ಬೆಲೆಬಾಳೋದು ಬಿಟ್ಟು ನಾಲ್ಕು ಮಾಮೂಲಿ ರಾಡ್ ಕದ್ದಿದಾನಲ್ಲ, ಇವನೆಂಥ ಕಳ್ಳ?” ಎಂದು ದಫೇದಾರರು ತಲೆ ಕೆರೆದುಕೊಂಡರು.

ಸ್ಟ್ಯಾಂಡಿನ ಕೆಳಗೆ, ಹೊದಿಕೆಯ ಮರೆಯಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಸುತ್ತಲಿನ ನೆಲವೆಲ್ಲ ಧೂಳು, ಪೆಟ್ಟಿಗೆ ಮಾತ್ರ ಒರೆಸಿಟ್ಟ ಹಾಗಿತ್ತು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ನಾಲ್ಕು ರಾಡುಗಳು. ಕಳುವಾದವಕ್ಕಿಂತ ದಪ್ಪ, ಒಂದೂ ಬಳಸಿದ್ದಲ್ಲ.

“ಇದು ಯಾರದು?”

ಮಾಲೀಕನ ಮುಖದಲ್ಲಿ ರಕ್ತವೇ ಇರಲಿಲ್ಲ. “ನಂದೇ.”

“ರಾಡ್ ಇಲ್ಲದೆ ಕೆಲಸ ನಿಂತಿದೆ ಅಂದ್ರಲ್ಲ?”

ಅವನು ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಪಂಚರು ಸಹಿ ಹಾಕಿ ಹೋದ ಮೇಲೆ ಹತ್ತಿರ ಬಂದು, “ದೂರು ವಾಪಸ್ ತಗೋಬಹುದಾ ಸಾರ್?” ಎಂದು ಪಿಸುಗುಟ್ಟಿದ. ಆಗುವುದಿಲ್ಲ ಎಂದರು ಇನ್ಸ್‌ಪೆಕ್ಟರ್.

ಜೀಪು ಹತ್ತುತ್ತ ದಫೇದಾರರು ನಕ್ಕರು. “ಕುಂಬಳಕಾಯಿ ಕಳ್ಳ ಅಂದ್ರೆ ಕಳ್ಳ ಹೆಗಲು ಮುಟ್ಟಿ ನೋಡ್ಕೋತಾನೆ ಸಾರ್. ಇಲ್ಲಿ ಕಳ್ಕೊಂಡೋನೇ ಮುಟ್ಟಿ ನೋಡ್ಕೋತಿದಾನೆ!”

ಮುಂದಿನ ವಿಚಾರಣೆ ಬಿಡಿಭಾಗಗಳ ಅಂಗಡಿಯಲ್ಲಿ. ಅಂಗಡಿಯವನು ಬಾಯಿಬಡುಕ; ಕೇಳುವುದನ್ನೇ ಕಾಯುತ್ತಿದ್ದ.

“ಟರ್ಬೊ ಅಂದ್ರೆ ಇಂಜಿನ್ನಿಗೆ ಗಾಳಿ ತುರುಕೋದು ಸಾರ್. ಗಾಳಿ ಹೆಚ್ಚಾದ್ರೆ ಪೆಟ್ರೋಲ್ ಹೆಚ್ಚು ಬೇಕು, ಬಿಸೀನೂ ಹೆಚ್ಚು. ಅದಕ್ಕೆಲ್ಲ ಒಳ್ಳೊಳ್ಳೆ ಸಾಮಾನು ಆರಿಸಿದ. ಆದ್ರೆ ಪಿಸ್ಟನ್ ಕೆಳಗೆ ನಿಂತು ಅಷ್ಟೂ ಹೊಡೆತ ತಿನ್ನೋದು ರಾಡು. ನೂರೈವತ್ತು ಕುದುರೆ ಶಕ್ತಿಗೆ ಮಾಡಿದ ರಾಡ್ ಇಟ್ಕೊಂಡು ಐನೂರು ಕುದುರೆ ಕಟ್ತೀನಿ ಅಂತಾನೆ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.”

“ಮುರಿದ್ರೆ?”

“ಇಂಜಿನ್ ಗೋಡೆ ಒಡ್ಕೊಂಡು ಹೊರಗೆ ಬರುತ್ತೆ. ಎಣ್ಣೆಯೆಲ್ಲ ಚಕ್ರದ ಕೆಳಗೆ. ಬೆಟ್ಟದ ತಿರುವಲ್ಲಿ ಹಾಗಾದ್ರೆ ಮನುಷ್ಯ ಉಳಿಯಲ್ಲ ಸಾರ್. ಗಟ್ಟಿ ರಾಡ್ ಕೊಡ್ತೀನಿ ಕಣಯ್ಯಾ ಅಂದೆ. ಬೇಡ, ಮನೇಲಿದೆ ಅಂದ. ಇದ್ರೆ ಇದನ್ಯಾಕೆ ಹಾಕ್ತಿದ್ದ?”

“ಈ ವಿಷಯ ಬೇರೆ ಯಾರಾದ್ರೂ ವಿಚಾರಿಸಿದ್ರಾ?”

“ಅವನ ತಂಗಿ. ಸೋಮವಾರ ಫೋನ್ ಮಾಡಿ, ಅಣ್ಣ ಏನೇನು ತಗೊಂಡ ಅಂತ ಒಂದೊಂದೇ ಕೇಳಿದ್ಲು. ರಾಡಿನ ಮಾತು ಬಂದಾಗ ಫೋನ್ ಇಟ್ಟೇಬಿಟ್ಲು.”

ಇನ್ಸ್‌ಪೆಕ್ಟರ್ ಆಕೆಯ ವಿಳಾಸ ಕೇಳಿದರು. ಆ ಎರಡು ಜಡೆಯ ಹುಡುಗಿ ಈಗ ಹೇಗಿರಬಹುದೆಂದು ದಾರಿಯುದ್ದಕ್ಕೂ ಅವರಿಗೆ ಅದೇ ಯೋಚನೆ. ಕಳ್ಳಿಯನ್ನು ಹಿಡಿಯಲು ಹೊರಟ ಪೊಲೀಸನಿಗೆ ಒಳಗೊಳಗೇ ಖುಷಿಯಾಗುವುದೆಂದರೆ!

ಮಧ್ಯಾಹ್ನ ಮೂರಕ್ಕೆ ಮಹಿಳಾ ಕಾನ್‌ಸ್ಟೇಬಲ್ ಜತೆ ಆಕೆಯ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ತಲುಪಿದರು. ಗೋಡೆಯ ತುಂಬ ಬೆಲ್ಟುಗಳು ನೇತಾಡುತ್ತಿದ್ದವು. ಜಡೆಗಳಿರಲಿಲ್ಲ, ನರೆತ ಕೂದಲನ್ನು ಗಂಟು ಹಾಕಿದ್ದ ಹೆಂಗಸು ಯಂತ್ರದಿಂದ ತಲೆ ಎತ್ತದೆಯೇ, “ಕೂತ್ಕೊಳ್ಳಿ” ಎಂದಳು.

“ನಿನ್ನೆ ರಾತ್ರಿ ಎಲ್ಲಿದ್ರಿ?”

“ಗ್ಯಾರೇಜಲ್ಲಿ.”

“ಏನು ತಗೊಂಡ್ರಿ?”

“ನಮ್ಮಣ್ಣನ್ನ ಕೊಲ್ಲೋ ಸಾಮಾನು ತಗೊಂಡೆ. ಬದಲಿಗೆ ಅಪ್ಪ ಎತ್ತಿಟ್ಟಿದ್ದ ಗಟ್ಟಿ ರಾಡ್ ಇಟ್ಟು ಬಂದೆ.”

“ಟರ್ಬೊ ಯಾಕೆ?”

“ಅಷ್ಟು ದೊಡ್ಡದು ಅರ್ಧ ದಾರಿ ನಿದ್ದೆ ಹೊಡೆಯುತ್ತೆ. ಎದ್ದರೆ ತಿರುವಿನ ಮಧ್ಯೆ ಎದ್ದು ಒದೆಯುತ್ತೆ. ಬೆಟ್ಟಕ್ಕೆ ಹಳೇ ಟರ್ಬೊನೇ ಸರಿ. ಕುದುರೆ ಕಮ್ಮಿಯಾಗುತ್ತೆ, ಆಗ್ಲಿ. ಸೊಂಟ ಗಟ್ಟಿ ಮಾಡ್ಕೊಂಡು ಭಾರ ಎತ್ತು ಅಂತಿದ್ರು ಅಪ್ಪ. ಊಟ ಆದ್ಮೇಲೆ ಮೂರೂ ಜನ ನೆಲದ ಮೇಲೆ ಕೂತು, ಯಾವುದಕ್ಕೆ ಯಾವುದು ಹೊಂದುತ್ತೆ ಅಂತ ಜಗಳ ಆಡ್ತಿದ್ವಿ. ಅಪ್ಪ ನಗ್ತಾ ಇರೋರು. ಅಮ್ಮ ದೀಪ ಆರಿಸ್ತೀನಿ ಅಂತ ಹೆದರಿಸೋಳು.” ಅವಳು ಕೈ ಒರೆಸಿಕೊಂಡಳು. “ಕೊನೆಗೆ ಅಪ್ಪ ಗಾಡಿ, ಗ್ಯಾರೇಜು ಅಣ್ಣನಿಗೆ ಅಂದ್ರು. ರಾಡಿನ ಪೆಟ್ಟಿಗೆ ನಂಗೆ.”

“ಅದನ್ನ ಹಗಲಲ್ಲೇ ಕೊಡಬಹುದಿತ್ತಲ್ಲಮ್ಮಾ?”

“ಕೇಳೋಕೆ ಬಂದಿದ್ದ. ಹೊಲಿಗೆ ಮಿಷನ್ ರಿಪೇರಿ ಮಾಡೋಳಿಗೆ ಇದ್ಯಾಕೆ ಕೊಡು ಅಂದ. ಇಂಜಿನ್ ಕಟ್ಟುವಾಗ ನನ್ನನ್ನೂ ಕರಿ, ಕೊಡ್ತೀನಿ ಅಂದೆ. ಎದ್ದು ಹೋದ. ನಾಲ್ಕು ವರ್ಷ ಆಯ್ತು, ಮಾತಿಲ್ಲ. ಬೇರೆ ಗಟ್ಟಿ ರಾಡೂ ಕೊಳ್ಳಲ್ಲ, ನನ್ನನ್ನೂ ಕೇಳಲ್ಲ. ಅಪ್ಪನ ಹಠ ಒಂದು ಚೂರೂ ಬಿಡದೆ ಇಬ್ಬರಿಗೂ ಬಂದಿದೆ ಸಾರ್, ಏನು ಮಾಡೋದು!”

ಕದ್ದ ಟರ್ಬೊ ಮತ್ತು ರಾಡುಗಳು ಅಂಗಡಿಯ ಮೇಜಿನ ಕೆಳಗೇ ಇದ್ದವು. ಜಪ್ತಿ ಪಂಚನಾಮೆ ಮುಗಿಯಿತು.

“ಒಂದು ಸಂಜೆ ಕಾನ್‌ಸ್ಟೇಬಲ್ ಒಬ್ಬನಿಗೆ ಟಾರ್ಚು ಬಿಟ್ಟು ಇಂಜಿನ್ ತೋರಿಸಿದ್ರಿ. ನೆನಪಿದೆಯಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಅವಳು ಅವರ ಮುಖವನ್ನೇ ನೋಡಿದಳು. “ಅಯ್ಯೋ! ದಂಡ ಹಾಕೋದು ಮರೆತು ಹೋದ ಮಾಮ!”

“ಇವತ್ತು ಮರೆಯೋ ಹಾಗಿಲ್ಲಮ್ಮಾ. ನಡೀರಿ.”

ನಾಲ್ಕೂವರೆಗೆ ದಸ್ತಗಿರಿ. ಸುದ್ದಿ ತಿಳಿದ ಅಣ್ಣ ಗ್ಯಾರೇಜಿನ ಬಟ್ಟೆಯಲ್ಲೇ ಠಾಣೆಗೆ ಓಡಿ ಬಂದ. “ಪೆಟ್ಟಿಗೆ ನೋಡಿದ ಕೂಡ್ಲೇ ಗೊತ್ತಾಯ್ತು ಸಾರ್. ಮೊದಲೇ ನೋಡಿದ್ರೆ ನಿಮ್ಮ ಬಾಗಿಲಿಗೆ ಬರ್ತಿದ್ನಾ? ಬಿಟ್ಬಿಡಿ ಅವಳನ್ನ.”

“ಕೇಸ್ ನ್ಯಾಯಾಲಯಕ್ಕೆ ಹೋಗುತ್ತೆ. ರಾಜಿಯಾಗ್ತೀನಿ ಅಂತ ಅಲ್ಲಿ ಹೇಳಿ. ಈಗ ಜಾಮೀನು ಬೇಕಾದ್ರೆ ಕೊಡಿ.”

ಸಹಿ ಹಾಕಿ, ತಂಗಿ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಅವನು ಕೂತ. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು.

“ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವೇನೆ?”

“ಯಾರಿಗೆ ಹೇಳ್ಲಿ? ನನ್ನ ನಂಬರ್ ನೋಡಿದ್ರೆ ಫೋನ್ ಎತ್ತಲ್ಲ ನೀನು.” ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. “ಅಪ್ಪ ಹೋದ್ರು. ನೀನೂ ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ, ಹೇಳು?”

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಕೆನ್ನೆಗೆಲ್ಲ ಎಣ್ಣೆ ಹತ್ತಿತು. ದಫೇದಾರರು ಸುಮ್ಮನೆ ಕಿಟಕಿಯ ಕಡೆ ತಿರುಗಿದರು.

ತನಿಖಾ ದಿನಚರಿಯಲ್ಲಿ ಇನ್ಸ್‌ಪೆಕ್ಟರ್ ಬರೆದರು: ಆರೋಪಿಗೆ ಲಾಭದ ಉದ್ದೇಶ ಇರಲಿಲ್ಲ. ಅಣ್ಣನ ಜೀವ ಉಳಿಸಲು ಹೋದಿರೋ, ಅವನು ನಿಮ್ಮನ್ನು ಕರೆಯಲಿ ಎಂದು ಹೋದಿರೋ ಎಂದು ಕೇಳಿದ್ದಕ್ಕೆ ಆರೋಪಿ ಉತ್ತರಿಸಲಿಲ್ಲ.

ಬೆಂಚಿನಿಂದ ಅಣ್ಣನ ದನಿ ಕೇಳಿಸಿತು, ಬಹಳ ಮೆಲ್ಲಗೆ. “ಆ ರಾಡಿನ ಬೋಲ್ಟು ಎಷ್ಟು ಬಿಗೀಬೇಕು ಅಂತ ಅಪ್ಪ ಹೇಳಿದ್ದು ನಂಗೆ ಮರೆತೇ ಹೋಗಿದೆ ಕಣೇ.”

ಅವಳು ಮೂಗೊರೆಸಿಕೊಂಡು ಎದ್ದು ನಿಂತಳು. “ನೀನು ಬಿಗಿಯೋದು ಬೇಡ. ನಡಿ, ನಾನು ಬರ್ತೀನಿ.”