ಅರುಣವ್ವನ ಲಕೋಟೆ

"ಅಕ್ಕಾ, ಲಕೋಟಿ ಹೋತು! ಪೆಟ್ಟಿಗಿಗೆ ಕೀಲಿ ಹಾಕಿದ್ದು ಹಾಕಿದಂಗ ಐತಿ, ಒಳಗ ಲಕೋಟಿ ಇಲ್ಲ."

ಶನಿವಾರ ಬೆಳಿಗ್ಗೆ ಜಮೀಲಾಬಿಯ ಪಡಸಾಲೆಗೆ ಬಂದು ಹೀಗೆ ಅಂದವನು ಹುಲಿಗೆಪ್ಪ, ನಮ್ಮ ಯರಗುಪ್ಪಿ ಪಂಚಾಯ್ತಿಯ ಟೀವಿ ನೋಡಿಕೊಳ್ಳುವವನು. ಅವನ ಮುಖ ನೋಡಿ ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಜಮೀಲಾಬಿ ಮಾತ್ರ ಸೂಜಿ ಕೆಳಗಿಡಲಿಲ್ಲ.

"ಕುಂದರು. ಯಾರು ಏನಂದ್ರು, ಅದನ್ನ ಮೊದಲ ಹೇಳು."

"ಮೆಂಬರ್ ಮುದಕಪ್ಪ ಅಂದಾರ್ರಿ, ಕೀಲಿಕೈ ನಿನ್ನ ಕಡೆ ಐತಿ ಅಂದಮ್ಯಾಲ ಕಳ್ಳನೂ ನೀನ ಅಂತ. ನಾಳೆ ಕಾರ್ಯಕ್ರಮ ಚಾಲೂ ಆಗೂದ್ರೊಳಗ ಲಕೋಟಿ ಸಿಗಲಿಲ್ಲ ಅಂದ್ರ ಕೀಲಿಕೈ ಇಡು ಅಂದಾರ." ಹುಲಿಗೆಪ್ಪ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಈ ಕೀಲಿಕೈ ಬಂದಮ್ಯಾಲ ಮಂದಿ ನನ್ನ ಹುಲಿಗೆಪ್ಪಣ್ಣ ಅಂತಾರ. ಅದಕ್ಕ ಮೊದಲ ಎಲ್ಲಾರಿಗೂ ನಾನು 'ಲೇ ಹುಲಿಗ್ಯಾ' ಆಗಿದ್ನಿ ಅಕ್ಕಾ."

ಜಮೀಲಾಬಿ ನಮ್ಮೂರಲ್ಲಿ ಕೌದಿ ಹೊಲಿಯುವವಳು. ಹಳೆ ಸೀರೆ, ಹಳೆ ಧೋತರ ಕೊಟ್ಟರೆ ಹತ್ತು ವರ್ಷ ಹೊದೆಯುವಂಥ ಕೌದಿ ಮಾಡಿಕೊಡುತ್ತಿದ್ದಳು. ಕಣದಿಂದ ಮಾಯವಾದ ಕುಸುಬಿಯ ಚೀಲ, ಗೌಡರ ಮನೆಯ ಬೆಳ್ಳಿ ಚೊಂಬು, ಇಂಥವನ್ನು ಹುಡುಕಿಕೊಟ್ಟು ಕುಂದಗೋಳದ ಪೊಲೀಸರೂ ಅವಳನ್ನು ಕೇಳಿ ಹೋಗುವ ಹಾಗೆ ಆಗಿತ್ತು. ನಾನು ಶಂಕ್ರಪ್ಪ, ಶಾಲೆಯ ಮಾಸ್ತರ. ವಿಜ್ಞಾನ, ಹಿಂದಿ ಎರಡನ್ನೂ ಒಬ್ಬನೇ ಕಲಿಸುತ್ತಿದ್ದೆ, ಎರಡೂ ಅರ್ಧಂಬರ್ಧ. ಜಮೀಲಾಬಿಯ ಹಿಂದೆ ಹಿಂದೆ ತಿರುಗಿ ಬೈಸಿಕೊಳ್ಳುವುದು ನನ್ನ ಮೂರನೆಯ ಕೆಲಸ.

ಒಂದು ಲಕೋಟೆಗೆ ಊರು ಇಷ್ಟು ಯಾಕೆ ಕಂಗಾಲಾಗಿತ್ತು ಅನ್ನುವುದನ್ನು ಹೇಳಬೇಕು. ೧೯೮೬ರಲ್ಲಿ ಟೀವಿಯಲ್ಲಿ 'ತಾರಾಪಥ' ಅಂತ ಹಿಂದಿ ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಹೋಗುವ ಹಡಗು, ಅದಕ್ಕೆ ಅರುಣಿಮಾ ಎಂಬ ಹೆಣ್ಣು ಕ್ಯಾಪ್ಟನ್. ಹಿಂದೆ ಉಳಿದವನು ಒಬ್ಬನೇ ಇದ್ದರೂ ಹಡಗು ತಿರುಗಿಸಿ ಹೋಗಿ ಕರೆತರುತ್ತಿದ್ದಳು. ಹಿಂದಿ ಬಾರದ ನಮ್ಮೂರು ಅವಳನ್ನು ಅರುಣವ್ವ ಅಂತ ಕರೆದು ಮನೆ ಮಗಳು ಮಾಡಿಕೊಂಡಿತು. ಕಡೆಯ ಕಂತಿನಲ್ಲಿ ಹಡಗು ಕರಿ ಮೋಡದೊಳಗೆ ಹೋಯಿತು, ರೇಡಿಯೋ ನಿಂತಿತು, ಅಲ್ಲಿಗೆ ಮುಗಿಯಿತು. ಬಿ.ಎಸ್ಸಿ. ಓದಿದ ನಾನು ಅವತ್ತು ಮನೆಗೆ ಬಂದು ಊಟ ಬೇಡ ಅಂದೆ. ಹೆಂಡತಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ.

ಮರುವರ್ಷ ಅದೇ ಹಡಗು ಭಾನುವಾರ ಬೆಳಿಗ್ಗೆ 'ತಾರಾಪಥ ಕೇ ಬಚ್ಚೇ' ಅಂತ ಮಕ್ಕಳ ಕಾರ್ಯಕ್ರಮವಾಗಿ ಮರಳಿ ಬಂತು. ಹಡಗಿನ ತುಂಬ ಬಲೂನು, ಡಬ್ಬೂ ಅನ್ನುವ ತಗಡಿನ ಮನುಷ್ಯ, ಅವನು ಮಾತಿಗೊಮ್ಮೆ ಮುಗ್ಗರಿಸಿ ಬೀಳಬೇಕು. "ಅರುಣವ್ವ ಕುಂದರ್ತಿದ್ದ ಕುರ್ಚಿ ಮ್ಯಾಲ ಹುಡುಗೂರು ಜಿಗೀತಾವಲ್ರಿ! ಇವರಿಗೆ ಮಾನ ಮರ್ಯಾದಿ ಐತೇನು?" ಅಂತ ಮುದಕಪ್ಪ ಕೂಗಾಡಿದ. ಕೂಗಾಡಿದವನೇ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಊರ ಮಕ್ಕಳು ಎರಡನೆಯ ವಾರಕ್ಕೇ ಬೇಸತ್ತು ಹೊರಗೆ ಚಿಣಿಫಣಿ ಆಡಲು ಹೋದವು. ಒಳಗೆ ಉಳಿದವರು ನಾವು, ನಲವತ್ತರಿಂದ ಎಪ್ಪತ್ತರವರೆಗಿನವರು. ಪ್ರತಿ ಕಂತಿನಲ್ಲಿ ಒಂದೇ ಒಂದು ಗಳಿಗೆ ಆ ಮಕ್ಕಳ ರೇಡಿಯೋ ಗೊರಗೊರ ಅನ್ನುತ್ತಿತ್ತು, ಆಚೆ ಕಡೆ ಯಾರೋ ಇದ್ದ ಹಾಗೆ. ಬಲೂನು, ಡಬ್ಬೂ ಎಲ್ಲವನ್ನೂ ನಾವು ಸಹಿಸಿದ್ದು ಆ ಗೊರಗೊರಕ್ಕೆ.

ಕಡೆಗೆ ತಡೆಯಲಾಗದೆ ನಾನೇ ದಿಲ್ಲಿಗೆ ಹಿಂದಿಯಲ್ಲಿ ಪತ್ರ ಬರೆದೆ: ಕ್ಯಾಪ್ಟನ್ ಅರುಣಿಮಾ ಬದುಕಿದ್ದಾಳೆಯೇ ಇಲ್ಲವೇ, ದಯವಿಟ್ಟು ತಿಳಿಸಿ. ಹತ್ತು ಮಂದಿ ಸಹಿ, ಹೆಬ್ಬೆಟ್ಟು ಹಾಕಿದರು. ತಪ್ಪದೆ ಬರುತ್ತಿದ್ದವರಲ್ಲಿ ಸಾವಂತ್ರೆವ್ವ ಒಬ್ಬಳೇ "ನನ್ನದು ಬ್ಯಾಡ್ರಿ ಮಾಸ್ತರ" ಅಂದಳು. ಬೆರಳಿಗೆ ಮಸಿ ಆದೀತು ಅಂತ ಇರಬೇಕು ಅಂದುಕೊಂಡು ನಾನು ಸುಮ್ಮನಾದೆ.

ಶುಕ್ರವಾರ ಟಪಾಲಿನ ಮಾಬುಸಾಬ ಉತ್ತರ ತಂದುಕೊಟ್ಟ. ಬೆರಳು ದಪ್ಪದ ಖಾಕಿ ಲಕೋಟೆ, ಒಳಗೆ ರಟ್ಟಿನಂಥದ್ದೇನೋ ಇತ್ತು. ಭಾನುವಾರ ಎಲ್ಲರ ಮುಂದೆ ಒಡೆಯೋಣ ಅಂತ ಮುದಕಪ್ಪ ಹೇಳಿದ. ಹುಲಿಗೆಪ್ಪ ಅದನ್ನು ಟೀವಿಯ ನೆತ್ತಿಯ ಮೇಲೆ ಇಟ್ಟು, ಗವಸು ಹೊದಿಸಿ, ಪೆಟ್ಟಿಗೆಯ ಬಾಗಿಲು ಹಾಕಿ ಕೀಲಿ ಜಡಿದ. ಸಂಜೆ ಚಿತ್ರಗೀತೆಗೆಂದು ತೆರೆದಾಗ ಲಕೋಟೆ ಅಲ್ಲೇ ಇದ್ದದ್ದನ್ನು ನಾವೆಲ್ಲ ನೋಡಿದ್ದೆವು. ಬೆಳಿಗ್ಗೆ ಇರಲಿಲ್ಲ.

"ನಾ ನಿನ್ನೆ ಕುಂದಗೋಳಕ್ಕ ಹೋಗಿದ್ನಿ, ಇಲ್ಲೆ ಆಗಿದ್ದು ನೀವ ಹೇಳ್ರಿ," ಅಂದಳು ಜಮೀಲಾಬಿ.

ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ. ಎರಡನೆಯ ಹಾಡಿಗೆ ಚಿತ್ರ ಹೋಗಿ ಬರೀ ಚುಕ್ಕಿ ಬಂದವು. ಎಂದಿನಂತೆ ವಿಜ್ಞಾನದ ಮಾಸ್ತರ ಅಂತ ನನ್ನನ್ನೇ ಮಾಳಿಗೆ ಹತ್ತಿಸಿದರು. ಹುಲಿಗೆಪ್ಪ ಕೆಳಗೆ ಏಣಿ ಹಿಡಿದ. ಉಳಿದವರೆಲ್ಲ ಅಂಗಳಕ್ಕೆ ಬಂದು ತಲೆಗೊಂದು ಬುದ್ಧಿ ಹೇಳಿದರು. ಸಾವಂತ್ರೆವ್ವ ಒಳಗೆ ಟೀವಿ ಮುಂದೆ ಕೂತು "ಬಂತು, ಹೋತು" ಅಂತ ಹೇಳುವವಳು, ಅದನ್ನು ಬಾಗಿಲಲ್ಲಿ ನಿಂತ ಮುದಕಪ್ಪ ನನಗೆ ಮುಟ್ಟಿಸುವವನು. ಅದು ನಮ್ಮ ಕಾಯಂ ಪದ್ಧತಿ. ಅವತ್ತು ಜಿಟಿಜಿಟಿ ಮಳೆಯಲ್ಲಿ ಆಂಟೆನಾ ತಿರುವಿ ತಿರುವಿ ನನ್ನ ಕೈ ಸೋತವು, ಕೆಳಗಿನಿಂದ ಸುದ್ದಿಯೇ ಇಲ್ಲ. ಕಡೆಗೆ ನಾನೇ ಸಿಟ್ಟಿನಿಂದ ಇಳಿದು ಬಂದು ನೋಡಿದರೆ ಚಿತ್ರ ಸ್ವಚ್ಛವಾಗಿ ಬರುತ್ತಿತ್ತು.

ಜಮೀಲಾಬಿ ಎದ್ದಳು. "ಹೋಗೂಣು ನಡೀರಿ."

ಪಂಚಾಯ್ತಿ ಕೋಣೆಯಲ್ಲಿ ಅವಳು ಕೀಲಿಯನ್ನು ನೋಡಲೇ ಇಲ್ಲ. ಟೀವಿಯ ಗವಸು ಅವಳೇ ಹೊಲಿದದ್ದು, ಹಿಂದೆ ಎರಡು ಲಾಡಿ. "ಹುಲಿಗೆಪ್ಪ, ನಿನ್ನೆ ಮಧ್ಯಾಹ್ನ ಲಕೋಟಿ ಇಟ್ಟು ಹೊಚ್ಚಿದ್ಯಲ್ಲ, ಲಾಡಿ ಹೆಂಗ ಕಟ್ಟಿದಿ?"

"ಕಟ್ಟಾಕ ಬರಲಿಲ್ರಿ. ಗವಸು ಮ್ಯಾಲ ಎದ್ದ ನಿಂತಿತ್ತು. ಹಂಗ ಬಿಟ್ಟೆ."

"ಮತ್ತ ಸಂಜಿಗೆ?"

"ಸಂಜಿಗೆ ಮಂದಿ ಹೋದಮ್ಯಾಲ ದೀಪ ಆರಿಸಿ ಕತ್ತಲದಾಗ ಕಟ್ಟಿದ್ನಿ, ಲಕೋಟಿ ಕಡೆ ನೋಡಲಿಲ್ಲ. ಸರಳ ಕೂತ್ವು."

ಅವಳು ಹೂಂ ಅಂದು ಹೊರಬಿದ್ದಳು. ಮುದಕಪ್ಪನ ಮನೆಯಲ್ಲಿ ಅವನು ಇನ್ನೂ ಕುದಿಯುತ್ತಿದ್ದ. "ಅರುಣವ್ವ ಸತ್ತಾಳ ಅಂತ ಬರದಿದ್ರ ಲಕೋಟಿ ಸುಡ್ತೇನಿ ಅಂತ ನಾ ಅಂದಿದ್ದು ಖರೆ. ಆದ್ರ ಓದದ ಹೆಂಗ ಸುಡಲಿ? ರಾತ್ರಿಯೆಲ್ಲಾ ನಿದ್ದಿಲ್ಲ ನನಗ, ಒಳಗ ಏನೈತೋ ಅಂತ."

ಕೊನೆಗೆ ಸಾವಂತ್ರೆವ್ವನ ಮನೆ. ಅವಳ ಗಂಡ ಯಲ್ಲಪ್ಪ ಒಂಬತ್ತು ವರ್ಷದ ಹಿಂದೆ ಗೋವಾ ಕಡೆ ದುಡಿಯಲು ಹೋದವನು ಮರಳಿರಲಿಲ್ಲ, ಒಂದು ಕಾಗದವೂ ಇಲ್ಲ. ಸತ್ತನೆಂದು ತಿಳಿದು ತಿಥಿ ಮಾಡಿಬಿಡು ಅಂತ ಮೈದುನರು ಹೇಳಿ ಸೋತಿದ್ದರು. ಅವಳು ಬಳೆ, ಕುಂಕುಮ ತೆಗೆದಿರಲಿಲ್ಲ. ದೇವಿಕೊಪ್ಪಕ್ಕೆ ಕೊಟ್ಟ ಮಗಳು ರೇಣುಕವ್ವನ ಬಾಣಂತನಕ್ಕೆಂದು ಒಂದು ಕೌದಿ ಹೊಲಿದಿದ್ದಳು. ನಮ್ಮ ಕಡೆ ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ತುತ್ತು ರೊಟ್ಟಿ ಇಟ್ಟು ಬಾಯಿ ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಹೋದ ಅಮಾವಾಸ್ಯೆಗೆ ಸಾವಂತ್ರೆವ್ವ ಅದನ್ನು ಮಾಡಿ ಓಣಿಗೆಲ್ಲ ಬೆಲ್ಲ ಹಂಚಿದ್ದಳು, ನನಗೂ ಒಂದು ಚೂರು ಸಿಕ್ಕಿತ್ತು. ಈಗ ಉಳಿದದ್ದು ಅಂಚಿಗೆ ಗೊಂಡೆ ಕಟ್ಟುವುದಷ್ಟೇ. ಆ ಕೆಲಸವನ್ನು ಟೀವಿ ಮುಂದೆ ಕೂತೇ ಮಾಡುತ್ತಿದ್ದಳು.

ನಾವು ಹೋದಾಗ ಅವಳು ಕೌದಿಯ ಒಂದು ಮೂಲೆ ಹೊಲಿಯುತ್ತಿದ್ದಳು.

"ಏನ್ ನಡಿಸೀಯವ್ವಾ?" ಅಂದಳು ಜಮೀಲಾಬಿ.

"ಹೊಟ್ಟಿ ತುಂಬಿಸಿ ಬಾಯಿ ಮುಚ್ಚಾಕ ಹತ್ತೀನ್ರಿ ಅಕ್ಕಾ. ಸೋಮವಾರ ದೇವಿಕೊಪ್ಪಕ್ಕ ಒಯ್ಯಬೇಕು."

"ಚಲೋ ಆತು," ಅಂದು ಜಮೀಲಾಬಿ ನೀರು ಕುಡಿದು ಎದ್ದಳು. ದಾರಿಯಲ್ಲಿ ನಾನು ಹತ್ತು ಪ್ರಶ್ನೆ ಕೇಳಿದೆ. "ಕಾಲಾಗ ನೋಡ್ಕೊಂಡು ನಡೀರಿ ಮಾಸ್ತರ, ಎರಿ ಮಣ್ಣು ಜಾರತೈತಿ," ಅಂದಳು ಅಷ್ಟೇ. ಅವಳ ಮುಖ ಬಾಡಿತ್ತು. ಕಳ್ಳ ಸಿಕ್ಕಾಗ ಅವಳ ಮುಖ ಹಾಗಿರುವುದನ್ನು ನಾನು ಎಂದೂ ನೋಡಿರಲಿಲ್ಲ.

ಭಾನುವಾರ ಕಾರ್ಯಕ್ರಮಕ್ಕೆ ಅರ್ಧ ತಾಸು ಮೊದಲೇ ಕೋಣೆ ತುಂಬಿತ್ತು. ಸಾವಂತ್ರೆವ್ವ ಬರಲಾರಳು ಅಂದುಕೊಂಡಿದ್ದೆ, ಜಮೀಲಾಬಿಯೇ ಹೋಗಿ ಕರೆತಂದಳು. ಕೌದಿಯನ್ನೂ ತರಲು ಹೇಳಿದ್ದಳು. ಮುದಕಪ್ಪ ಹುಲಿಗೆಪ್ಪನ ಮುಂದೆ ಕೈ ಚಾಚಿದ.

"ಲಕೋಟಿ ಇಲ್ಲಾಂದ್ರ ಕೀಲಿಕೈ ತಾ."

"ತಡೀರಿ ಮೆಂಬರ," ಅಂದಳು ಜಮೀಲಾಬಿ. "ಆ ಗವಸಿನ ಅಳತಿ ತಗೊಂಡು ಹೊಲದಾಕಿ ನಾನು. ಒಂದ ಬೆರಳೂ ಸಡಿಲಿಲ್ಲ. ಮ್ಯಾಲ ಲಕೋಟಿ ಇದ್ದಾಗ ಲಾಡಿ ಕಟ್ಟಾಕ ಬರಲಿಲ್ಲ. ಸಂಜಿಗೆ ಸರಳ ಕೂತ್ವು. ಅಂದ್ರ ಕೀಲಿ ಹಾಕೂ ಮೊದಲ ಲಕೋಟಿ ಹೋಗಿತ್ತು. ಈ ಕೀಲಿಗೂ ಕಳುವಿಗೂ ಸಂಬಂಧ ಇಲ್ಲ."

"ಇವನ ತಗದಿರಬೇಕು ಮೊದಲ!"

"ತಗದಾಂವ ಲಾಡಿ ಸರಳ ಕೂತ್ವು ಅಂತ ತನ್ನ ಬಾಯಿಲೆ ಹೇಳ್ತಾನೇನ್ರಿ? ಇವನ ಕಳ್ಳ ಆಗಿದ್ರ ಕೀಲಿ ಯಾರೋ ತಗದಾರ ಅಂತಿದ್ದ. ಮತ್ತ ಚಿತ್ರ ಹೋದಾಗ ಏಣಿ ಬುಡಕ್ಕಿದ್ದ, ಮಾಸ್ತರ ಮ್ಯಾಲ, ನೀವು ಬಾಗಿಲದಾಗ ಹೊರಗ ಮಾರಿ ಮಾಡಿ. ಮಂದಿಯೆಲ್ಲಾ ಅಂಗಳದಾಗ. ಅಲ್ಲೀತನಕ ಲಕೋಟಿ ಎಲ್ಲಾರ ಕಣ್ಣಮುಂದ ಇತ್ತು. ತಗ್ಯಾಕ ಇದ್ದದ್ದು ಅದೊಂದ ಹೊತ್ತು. ಆಮ್ಯಾಲ ಎಲ್ಲಾರ ಕಣ್ಣು ಹಾಡಿನ ಮ್ಯಾಲ, ಟೀವಿ ನೆತ್ತಿ ಯಾರ ನೋಡ್ತಾರ?"

ಮುದಕಪ್ಪನ ಚಾಚಿದ ಕೈ ಮೆಲ್ಲಗೆ ಇಳಿಯಿತು.

"ಅವತ್ತು ಚಿತ್ರ ಬಂದಿತ್ತು, ಬಂತು ಅನ್ನೋ ಮಾತು ಬರಲಿಲ್ಲ. ಹೇಳೂ ಮನಷ್ಯಾಳ ಲಕ್ಷ್ಯ ಬ್ಯಾರೆ ಕಡೆ ಇತ್ತು." ಜಮೀಲಾಬಿ ಯಾರ ಕಡೆಗೂ ನೋಡದೆ ಮುಂದುವರಿಸಿದಳು. "ಮರದಿನಾ ನೋಡಿದ್ರ, ಒಂದು ಕೌದಿಯ ಮೂಲಿ ಬಿಚ್ಚಿತ್ತು. ಕೇಳಿದ್ದಕ್ಕ ಹೊಟ್ಟಿ ತುಂಬಸಾಕ ಹತ್ತೀನಿ ಅಂದ್ರು. ಅಮಾಸಿಗೆ ಅದ ಕೌದಿಯ ಹೊಟ್ಟಿ ತುಂಬಿಸಿದ ಬೆಲ್ಲ ನಾ ತಿಂದೀನಿ, ಮಾಸ್ತರೂ ತಿಂದಾರ. ಕೌದಿ ಹುಟ್ಟಿದಮ್ಯಾಲ ಒಮ್ಮೆ ಉಣ್ಣತೈತಿ, ಎರಡ ಸಲ ಯಾರೂ ಉಣಸೂದಿಲ್ಲ. ದಾರ ಹರದಿತ್ತು ಅಂದಿದ್ರ ನಾ ನಂಬತಿದ್ನಿ."

ಬೆಲ್ಲ ನಾನೂ ತಿಂದಿದ್ದೆ, ಮಾತು ನಾನೂ ಕೇಳಿದ್ದೆ. ಎರಡನ್ನೂ ಕೂಡಿಸುವ ಬುದ್ಧಿ ನನಗೆ ಬರಲಿಲ್ಲ. ಗಣಿತ ಕಲಿಸುವ ಕೆಲಸವನ್ನು ಸರ್ಕಾರ ನನಗೆ ಕೊಡದಿದ್ದದ್ದು ಒಳ್ಳೆಯದೇ ಆಯಿತು.

"ಹೆಸರ ನಾ ಹೇಳೂದಿಲ್ಲ," ಅಂದಳು ಜಮೀಲಾಬಿ. "ಹುಲಿಗೆಪ್ಪನ ಕೀಲಿಕೈ ಹೋಗಬಾರದು, ನನಗ ಅಷ್ಟ ಬೇಕು."

ಸಾವಂತ್ರೆವ್ವ ಎದ್ದು ನಿಂತಳು. ಕೌದಿಯನ್ನು ಎದೆಗೆ ಅವಚಿಕೊಂಡಿದ್ದಳು.

"ಹುಲಿಗೆಪ್ಪಣ್ಣನ ಮ್ಯಾಲ ಬರತೈತಿ ಅಂತ ನನಗ ಹೊಳೀಲಿಲ್ರಿ, ತಪ್ಪಾತು. ಸರಕಾರದ ಕಾಗದ, ಅಕ್ಷರ ಇದ್ದದ್ದು, ಸುಡಾಕ ಕೈ ಬರಲಿಲ್ಲ. ಮಗಳ ಮೈಮ್ಯಾಲ ಬೆಚ್ಚಗ ಇರಲಿ ಅಂತ ಹೊಲಿದೆ." ಅವಳು ಉಸಿರು ತೆಗೆದುಕೊಂಡಳು. "ಅರುಣವ್ವನ ರೇಡಿಯೋ ನಿಂತಾಗ ನೀವೆಲ್ಲಾ ಸತ್ತಳು ಅಂದ್ರಿ. ಆವಾಜ್ ಬರವಲ್ದು ಅಷ್ಟ, ಅಂದ್ನಿ ನಾ. ಕಾಗದ ಬಂದ್ರ ಮುಗದ ಹೋತಲ್ರಿ. ಕಾಗದ ಬರೂತನಕ ಮನಷ್ಯಾ ಇರ್ತಾನ."

ಅವಳು 'ಇರ್ತಾಳ' ಅನ್ನಲಿಲ್ಲ. ಅದು ಎಲ್ಲರಿಗೂ ಕೇಳಿಸಿತು, ಯಾರೂ ತಿದ್ದಲಿಲ್ಲ. ಆ ಪತ್ರ ಬರೆದ ನನ್ನ ಕೈ ಮುರಿಯಬಾರದೇ ಅನಿಸಿತು.

ಮುದಕಪ್ಪ ಕೆಮ್ಮಿದ. "ಒಡಿಯೂದು ಬ್ಯಾಡ ಬಿಡ್ರಿ. ಹಂಗ ಇರಲಿ."

ಸಾವಂತ್ರೆವ್ವ ಬೇಡವೆಂದು ತಲೆ ಅಲ್ಲಾಡಿಸಿದಳು. ಆಮೇಲೆ ಜಮೀಲಾಬಿಯ ಹೊಲಿಗೆ ಚೀಲದ ಕತ್ತರಿ ಇಸಿದುಕೊಂಡು ತಾನೇ ಮೂಲೆ ಬಿಚ್ಚಿದಳು. "ಹತ್ತು ಮಂದಿ ಕಾದೀರಿ. ನನ್ನ ಒಬ್ಬಾಕಿ ಸಲುವಾಗಿ ಯಾಕ? ಓದ್ರಿ ಮಾಸ್ತರ."

ನಾನು ಲಕೋಟೆ ಒಡೆದೆ. ಮಡಚಿದ ಹತ್ತು ರಟ್ಟಿನ ಮುಖವಾಡಗಳು ಬಿದ್ದವು, ಎಲ್ಲವೂ ಡಬ್ಬೂನ ಮೋರೆ. ಜೊತೆಗೆ ಅಚ್ಚು ಹಾಕಿದ ಒಂದು ಹಾಳೆ. ಹಿಂದಿಯನ್ನು ನಮ್ಮ ಮಾತಿಗೆ ತಿರುಗಿಸುತ್ತ ಓದಿದೆ.

"ಪ್ರೀತಿಯ ಮಕ್ಕಳೇ..."

ಎಪ್ಪತ್ತರ ಮುದಕಪ್ಪನೂ ಸೇರಿ ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಹುಲಿಗೆಪ್ಪ ಕಣ್ಣು ಒರೆಸಿಕೊಂಡು ನಕ್ಕ. ನಗು ನಿಂತ ಮೇಲೆ ಮುಂದುವರಿಸಿದೆ.

"ನಿಮ್ಮ ಮುದ್ದಾದ ಕಾಗದ ಬಂತು. ಕ್ಯಾಪ್ಟನ್ ಆಂಟಿ ಬಹಳ ದೂರ ಕೆಲಸಕ್ಕೆ ಹೋಗಿದ್ದಾರೆ. ಕೆಲಸ ಮುಗಿದ ಕೂಡಲೇ ಖಂಡಿತ ಬರುತ್ತಾರೆ. ಅಲ್ಲಿಯವರೆಗೆ ಹಟ ಮಾಡದೆ ಉಣ್ಣಿರಿ, ಚೆನ್ನಾಗಿ ಓದಿರಿ."

ಇಂಥ ಮಾತನ್ನು ದೊಡ್ಡವರು ಮಕ್ಕಳಿಗೆ ಯಾವಾಗ ಹೇಳುತ್ತಾರೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹಿಂಗ ಹೇಳೀನ್ರಿ ನಾನೂ," ಅಂದಳು ಸಾವಂತ್ರೆವ್ವ. "ರೇಣುಕಾಗ. ಒಂಬತ್ತು ವರ್ಷ ಇದನ್ನ ಹೇಳೀನಿ. ನನಗ ಯಾರೂ ಹೇಳಿರಲಿಲ್ಲ."

ಟೀವಿ ಹಚ್ಚಬೇಕೋ ಬೇಡವೋ ತಿಳಿಯದೆ ಹುಲಿಗೆಪ್ಪ ಕೀಲಿಕೈ ಹಿಡಿದು ನಿಂತಿದ್ದ. ಸಾವಂತ್ರೆವ್ವ ಬಿಚ್ಚಿದ ಕೌದಿಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕಾಲು ಮಡಚಿಕೊಂಡು ಕೂತು, ನನ್ನ ಕಡೆ ಮುಖ ಎತ್ತಿದಳು.

"ಇನ್ನೊಮ್ಮೆ ಓದ್ರಿ ಮಾಸ್ತರ. ಮೊದಲಿಂದ."

ನಾನು "ಪ್ರೀತಿಯ ಮಕ್ಕಳೇ" ಅಂತ ಶುರುಮಾಡಿದೆ. ಈ ಸಲ ಯಾರೂ ನಗಲಿಲ್ಲ.