ಎಡಗಾಲಿನ ಚಪ್ಪಲಿ

"ನಿಮ್ಮ ಎಡಗಾಲಿನ ಚಪ್ಪಲಿ ಇಲ್ಲೇ ಬಿಟ್ಟು ಹೋಗ್ರಿ."

ಹೇಳಿದವನು ಬೀರಲಿಂಗ, ಸಿಂಧನೂರಿನ ಮಸ್ಕಿ ರಸ್ತೆಯ ಮೆಕ್ಯಾನಿಕ್. ಕೇಳಿಸಿಕೊಂಡವಳು ಅನುಪಮಾ. ಇಬ್ಬರ ಪರಿಚಯವಾಗಿ ಇನ್ನೂ ಅರ್ಧ ತಾಸೂ ಆಗಿರಲಿಲ್ಲ!

ಅವಳು ಅಪ್ಪನ ಹಳೆಯ ಹೋಂಡಾ ಸಿಟಿ ವಿಟೆಕ್ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಮಸ್ಕಿಯಿಂದ ಎಳೆಸಿಕೊಂಡು ಬಂದಿದ್ದಳು. ಒಂದು ಕಾಲಕ್ಕೆ ಆ ದಾರಿಯಲ್ಲಿ ಅದನ್ನು ಹಿಂದೆ ಹಾಕುವ ಗಾಡಿಯೇ ಇರಲಿಲ್ಲ. ಈಗ ಎರಡು ವರ್ಷದಿಂದ ಬೇವಿನ ಮರದ ಕೆಳಗೆ ನಿಂತೇ ಇತ್ತು. ಇಲಿಗಳು ವೈರು ಕಡಿದಿದ್ದವು, ಬ್ರೇಕು ಹಿಡಿದುಕೊಂಡಿತ್ತು, ಎಂಜಿನ್ನು ಮಾತೇ ಬಿಟ್ಟಿತ್ತು.

ಬೀರಲಿಂಗ ಬಾನೆಟ್ ಎತ್ತಿದವನೇ ಮೊದಲು ಮಾತಾಡಿಸಿದ್ದು ಕಾರನ್ನು.

"ಏನವ್ವಾ, ನಿನಗ ಇದೇನು ಗತಿ ಬಂತು?" ಎಂದು ಎಂಜಿನ್ನಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಆಮೇಲೆ ಅನುಪಮಾಳ ಕಡೆ ತಿರುಗಿ, "ರಿಪೇರಿ ಅಷ್ಟ ಸಾಕೇನ್ರಿ ಮೇಡಮ್?" ಎಂದ.

"ಸಾಲದು. ಮೊದಲಿಗಿಂತ ಜೋರ್ ಓಡಬೇಕು. ಎರಡು ವರ್ಷ ನಿಧಾನ ನಡೆದು ನಡೆದು ನನಗ ಸಾಕಾಗೈತಿ."

"ಓಡಿಸೋರು ಯಾರು?"

"ನಾನ."

ಆಗ ಅವನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಮುಖವನ್ನಲ್ಲ, ಕಾಲನ್ನು! ಅವಳು ಬಾಗಿಲ ಹತ್ತಿರ ಇಟ್ಟಿದ್ದ ಚೀಲ ತರಲು ಹೋಗಿ ಬರುವ ತನಕ ಅವನ ಕಣ್ಣು ಅವಳ ಎಡಗಾಲಿನ ಮೇಲೆಯೇ ಇತ್ತು. ಅದಾದ ಮೇಲೆ ಬಂದದ್ದು ಈ ಚಪ್ಪಲಿಯ ಮಾತು.

"ಯಾಕ?" ಎಂದಳು ಅನುಪಮಾ.

"ಬೇಕಾಗೈತಿ."

ಅಷ್ಟೇ. ಮುಂದೆ ಒಂದಕ್ಷರವಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ ಹಿರಿಯರು. ಈ ಮನುಷ್ಯನ ಬಂಗಾರ ಒಂದು ಹುಡುಗಿಗೆ ಎಷ್ಟು ದುಬಾರಿಯಾಯಿತು ಎಂದು ಆ ಹಿರಿಯರಿಗೆ ಯಾರಾದರೂ ಹೋಗಿ ಹೇಳಬೇಕು.

ಅನುಪಮಾಳ ಕಿವಿ ಬಿಸಿಯಾಯಿತು. ಅವಳ ಕಣ್ಣ ಮುಂದೆ ಬಂದದ್ದು ಅಜ್ಜನ ಮುಖ.

"ಕೇಳ್ರಿ. ನಮ್ಮಜ್ಜ ಅರ್ಧ ಊರಿಗೆ ಚಪ್ಪಲಿ ಹೊಲಿದು ಕೊಟ್ಟಾನ. ಆದ್ರ ಗೌಡರ ಮನಿ ಮುಂದ ಹಾಯುವಾಗ ತನ್ನ ಚಪ್ಪಲಿ ಕೈಯಾಗ ಹಿಡಕೊಂಡು ನಡದಾನ. ಅದು ಅವನ ಕಾಲಕ್ಕ ಮುಗೀತು. ನಾ ಯಾರ ಬಾಗಲಾಗೂ ಚಪ್ಪಲಿ ಬಿಡೂದಿಲ್ಲ."

ಬೀರಲಿಂಗ ಸ್ಪ್ಯಾನರ್ ಹಿಡಿದುಕೊಂಡು ಬಾಯಿ ತೆರೆದು ನಿಂತ. ಪಕ್ಕದ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಮಲೀಕಸಾಬ ಕೂಡ ಕೈ ನಿಲ್ಲಿಸಿ ಇತ್ತ ನೋಡಿದ. ಅನುಪಮಾ ಕುಂಟುತ್ತಲೇ ಬಿರಬಿರನೆ ನಡೆದು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಅಯ್ಯೋ, ಕಾರು ಅಲ್ಲೇ ಉಳಿಯಿತಲ್ಲ...

* * *

ಬೇರೆ ಕಡೆ ಒಯ್ಯೋಣವೆಂದರೆ ಒಯ್ಯುವುದೆಲ್ಲಿಗೆ? ಲಿಂಗಸುಗೂರಿನಲ್ಲಿ ಇಬ್ಬರು ಮೆಕ್ಯಾನಿಕರು ಈ ಎಂಜಿನ್ನಿನ ಹೆಸರು ಕೇಳಿಯೇ ಕೈಮುಗಿದಿದ್ದರು. ದಿನಗಳೂ ಉಳಿದಿರಲಿಲ್ಲ.

ಅನುಪಮಾ ಲಿಂಗಸುಗೂರಿನಲ್ಲಿ ಸರ್ಕಾರಿ ಸರ್ವೇಯರ್. ಹೊಲ ಅಳೆಯುವುದು ಅವಳ ಕೆಲಸ, ಅವಳ ಹೆಮ್ಮೆ. ಎರಡು ವರ್ಷದ ಹಿಂದೆ ಮುದಗಲ್ ದಾರಿಯಲ್ಲಿ ಸ್ಕೂಟಿ ಬಿದ್ದು ಎಡಪಾದದ ಕೀಲು ಪುಡಿಯಾಯಿತು. ಒಳಗೆ ಪ್ಲೇಟು, ಸ್ಕ್ರೂ. ಪಾದ ಮೇಲಕ್ಕೆ ಬಾಗುವುದಿಲ್ಲ, ಹೊರ ಅಂಚಿನ ಮೇಲೆಯೇ ಬೀಳುತ್ತದೆ. ಅಂದಿನಿಂದ ಅವಳನ್ನು ಟೇಬಲ್ಲಿಗೆ ಕೂರಿಸಿದ್ದರು.

"ಬಸ್ಸು ಹೋಗದ ಊರಿಗೆ ನೀವು ಹೆಂಗ ಹೋಗ್ತೀರಮ್ಮ? ಬರೋ ತಿಂಗಳ ಒಂದನೇ ತಾರೀಖಿಗೆ ಗಾಡಿ ಓಡಿಸಿಕೊಂಡು ಬಂದು ತೋರಿಸ್ರಿ. ಇಲ್ಲಾಂದ್ರ ನಿಮ್ಮ ಜಾಗಕ್ಕ ಬೇರೆಯವರು ಬರ್ತಾರ, ನಿಮಗ ಟೇಬಲ್ ಖಾಯಂ," ಎಂದಿದ್ದರು ಸಾಹೇಬರು. ಅವತ್ತಿನದೂ ಸೇರಿ ಉಳಿದದ್ದು ಐದು ಭಾನುವಾರ.

"ಯಾಕವ್ವಾ, ಮುಖ ಊದಿಸಿಕೊಂಡು ಬಂದಿ?" ಎಂದು ಕೇಳಿದ ಅಪ್ಪ ದುರುಗಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾದ ಮನುಷ್ಯ. ಗೊರೇಬಾಳದ ಕಾಲುವೆ ದಾರಿಯಲ್ಲಿ ಮಗಳಿಗೆ ಇದೇ ಕಾರಿನಲ್ಲಿ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ. ಈಗ ಅವನ ಕಣ್ಣು ಮಂಜಾಗಿತ್ತು.

ಅವಳು ಚಪ್ಪಲಿಯ ಮಾತು ಹೇಳಲಿಲ್ಲ. ಹೇಳಿದರೆ ಅಪ್ಪ ಆ ಕ್ಷಣವೇ ಹೊರಡುತ್ತಿದ್ದ.

* * *

ಮುಂದಿನ ಭಾನುವಾರ ಜಗಳಕ್ಕೆ ತಯಾರಾಗಿಯೇ ಗ್ಯಾರೇಜಿಗೆ ಹೋದಳು. ಆದರೆ ಜಗಳಾಡುವುದು ಯಾರ ಜೊತೆ?

ಬೀರಲಿಂಗ ಕೆಲಸದಲ್ಲಿ ಮುಳುಗಿದ್ದ, ಎಂಜಿನ್ನಿನ ಭಾಗಗಳನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹರವಿದ್ದ. ಮೊದಲಿಗಿಂತ ದೊಡ್ಡ ಬ್ರೇಕ್ ಡಿಸ್ಕು, ಹೊಸ ಶಾಕ್‌ಗಳು ಬಂದಿದ್ದವು. ಡ್ಯಾಶ್‌ಬೋರ್ಡಿನ ಮೇಲೆ ಅಪ್ಪ ಅಂಟಿಸಿದ್ದ ಪುಟ್ಟ ಬುದ್ಧನ ಮೂರ್ತಿಯನ್ನು ಹುಷಾರಾಗಿ ತೆಗೆದು, ತೊಳೆದು, ತನ್ನ ಟೇಬಲ್ಲಿನ ಮೇಲೆ ಇಟ್ಟುಕೊಂಡಿದ್ದ.

"ಮೇಡಮ್, ನೀವು ಅಳತಿ ಮಾಡೋರಲ್ಲೇನ್ರಿ? ಇಲ್ಲಿ ಬರ್ರಿ," ಎಂದು ಹಾಳೆಯಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ಅವಳ ಕೈಗೆ ಕೊಟ್ಟ. "ಈ ವಾಲ್ವಿನ ಸಂದಿಯೊಳಗ ಇದು ಹೋಗಬೇಕು. ಸಡಿಲ ಆಗಬಾರದು, ಬಿಗಿನೂ ಆಗಬಾರದು. ಬರೋಬ್ಬರಿ ಇದ್ರ ಮಾತ್ರ ಇದರ ದನಿ ಬರತೈತಿ."

ಅವಳು ಪಟ್ಟಿ ತೂರಿಸಿ ನೋಡಿ, "ಬಿಗಿ ಐತಿ" ಎಂದಳು.

"ನನಗ ಬರೋಬ್ಬರಿ ಅನ್ನಿಸಿತ್ತು," ಎಂದು ತಾನೂ ನೋಡಿದ. ಆಮೇಲೆ ತಲೆ ಕೆರೆದುಕೊಂಡ. "ನಿಮ್ಮದ ಖರೆ."

ಗಂಡಸು ಅಷ್ಟು ಸಲೀಸಾಗಿ ತಪ್ಪು ಒಪ್ಪಿದ್ದನ್ನು ಅವಳು ಆಫೀಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಮಧ್ಯಾಹ್ನ ತನ್ನ ಬಾಟಲಿಯ ನೀರು ಕುಡಿದು ಕೆಳಗಿಟ್ಟಳು. ಅವನು ಅದೇ ಬಾಟಲಿ ಎತ್ತಿ, ಬಾಯಿ ಹಚ್ಚಿ ಗಟಗಟ ಕುಡಿದ. ಒರೆಸಲಿಲ್ಲ, ಯೋಚಿಸಲೂ ಇಲ್ಲ. ಅನುಪಮಾ ನೋಡುತ್ತಲೇ ಉಳಿದಳು.

'ನನ್ನ ಎಂಜಲು ಕುಡಿಯುವವನು ಚಪ್ಪಲಿ ಬಿಡು ಅಂದದ್ದು ಯಾಕೆ? ಇವನು ಒಳ್ಳೆಯವನೋ ಕೆಟ್ಟವನೋ? ಒಳ್ಳೆಯವನಾಗಿದ್ದರೆ ನನಗೇಕೆ ಇಷ್ಟು ಖುಷಿ?'

ಆ ಕೊನೆಯ ಪ್ರಶ್ನೆ ತಲೆಗೆ ಹೇಗೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ತಲೆ ಮೊಸರು ಕಡೆಯುವ ಗಡಿಗೆಯಾಯಿತು.

* * *

ಮೂರನೆಯ ಭಾನುವಾರದ ಹೊತ್ತಿಗೆ ಮಲೀಕಸಾಬ ಕಾರಿನ ಒಳಗೆ, ಕಾಲಿಡುವ ತಳಕ್ಕೆ, ಹೊಸ ಬಣ್ಣ ಹೊಡೆದಿದ್ದ. ಬಣ್ಣ ಕೆಡಬಾರದೆಂದು ಅವಳು ತಾನಾಗಿಯೇ ಚಪ್ಪಲಿ ಕಳಚಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ಬೀರಲಿಂಗ ಆ ಕಡೆ ಟೈರಿನ ಹತ್ತಿರವಿದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡು ಮೆಲ್ಲಗೆ ಎಡಗಾಲಿನಿಂದ ಕ್ಲಚ್ ತುಳಿದಳು.

ಪಾದ ಜಾರಿತು. ಮತ್ತೆ ತುಳಿದಳು. ಮತ್ತೆ ಜಾರಿತು. ಮೂರನೆಯ ಸಲ ಕೀಲಿನಲ್ಲಿ ಚಳಕು ಎದ್ದು ಕಣ್ಣಲ್ಲಿ ನೀರು ಬಂತು.

ಎರಡು ವರ್ಷ ಬಚ್ಚಿಟ್ಟುಕೊಂಡಿದ್ದ ಹೆದರಿಕೆ ಆಗ ಎದುರಿಗೇ ಬಂದು ನಿಂತಿತು. ಕಾರು ಸರಿಯಾಗುತ್ತದೆ. ಆದರೆ ನಾನು?

ಮುಖ ಒರೆಸಿಕೊಂಡು ಕೆಳಗಿಳಿದರೆ ಬಲಗಾಲಿನ ಚಪ್ಪಲಿ ಇದೆ, ಎಡಗಾಲಿನದು ಇಲ್ಲ!

"ನನ್ನ ಚಪ್ಪಲಿ ಎಲ್ಲಿ?"

"ನಾಯಿ ಒಯ್ದಿರಬೇಕ್ರಿ," ಎಂದ ಬೀರಲಿಂಗ, ನೆಲ ನೋಡುತ್ತ.

ಸುಳ್ಳು ಹೇಳಲೂ ಒಂದು ಕಲೆ ಬೇಕು. ಆ ಕಲೆ ಇವನ ಹತ್ತಿರ ಹಾದುಹೋಗಿರಲಿಲ್ಲ. ಮಲೀಕಸಾಬನ ಹೆಂಡತಿ ಲಾಲ್‌ಬೀಯ ಚಪ್ಪಲಿ ಕೇಳಿ ಪಡೆದು ಅನುಪಮಾ ಊರು ಸೇರಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಗ್ಯಾರೇಜಿನ ಸುತ್ತ ಒಂದು ನಾಯಿಯನ್ನೂ ತಾನು ಇದುವರೆಗೆ ನೋಡಿಲ್ಲವಲ್ಲ...

ನಾಲ್ಕನೆಯ ಭಾನುವಾರ ಅದು ಸಿಕ್ಕಿತು. ಅವನ ಕೆಲಸದ ಮೇಜಿನ ಮೇಲೆ, ಹಳೆಯ ಪೇಪರಿನ ಕೆಳಗೆ. ಪಟ್ಟಿ ಕತ್ತರಿಸಿ ಒಗೆದಿದ್ದ. ಅಟ್ಟೆಯನ್ನು ಬ್ಲೇಡಿನಿಂದ ಸೀಳಿದ್ದ.

ಅನುಪಮಾ ಅದನ್ನು ಕೈಯಲ್ಲಿ ಹಿಡಿದು ನಿಂತಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ನೋವಾಯಿತು. ಈ ನಾಲ್ಕು ವಾರದಲ್ಲಿ ಅವಳು ಇವನನ್ನು ಇಷ್ಟಪಟ್ಟುಬಿಟ್ಟಿದ್ದಳು. ಅದು ಅವಳಿಗೆ ಗೊತ್ತಾದದ್ದೂ ಈಗಲೇ, ಚೂರಾದ ಚಪ್ಪಲಿ ಕೈಯಲ್ಲಿರುವಾಗ!

"ಇದೇನ್ರಿ?"

"ಅದು... ಮೇಡಮ್... ಅದು ಇನ್ನೂ..."

"ನಾಯಿ ಒಯ್ದಿತ್ತಲ್ಲ? ಬ್ಲೇಡ್ ಹಿಡಿಯೋ ನಾಯಿ ಇದ್ದಂಗೈತಿ ನಿಮ್ಮ ಕಡೆ."

ಅವಳು ಚಪ್ಪಲಿಯನ್ನು ಮೇಜಿನ ಮೇಲೆ ಒಗೆದಳು.

"ಬರೋ ಐತಾರ ಗಾಡಿ ಹೆಂಗೈತೋ ಹಂಗ ಒಯ್ತೀನಿ. ಅದರ ಮರುದಿನ ಒಂದನೇ ತಾರೀಖು. ಆಮೇಲೆ ನಿಮ್ಮ ಮುಖ ನಾ ನೋಡೂದಿಲ್ಲ, ನನ್ನ ಕಾಲು ನೀವು ನೋಡಬ್ಯಾಡ್ರಿ."

ಬಸ್ಸಿನ ಕಿಟಕಿಯ ಹತ್ತಿರ ಕೂತು, ಯಾರಿಗೂ ಕಾಣದ ಹಾಗೆ ಸೆರಗಿನ ತುದಿ ಕಚ್ಚಿ ಅತ್ತಳು.

* * *

ಐದನೆಯ ಭಾನುವಾರ ಅಪ್ಪನನ್ನು ಕರೆದುಕೊಂಡು ಬಂದಳು. ಕಾರು ಶೆಡ್ಡಿನ ಹೊರಗೆ ನಿಂತಿತ್ತು. ಹೊಸ ಬಣ್ಣ, ಅಗಲದ ಟೈರು. ಬುದ್ಧ ಮತ್ತೆ ತನ್ನ ಜಾಗಕ್ಕೆ ಬಂದು ಕೂತಿದ್ದ. ಬೀರಲಿಂಗ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಅವನ ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

"ಒಂದು ಸಲ ಕೂತು ನೋಡ್ರಿ ಮೇಡಮ್. ಆಮೇಲೆ ಬೇಕಾದ್ದು ಬೈರಿ."

ಅವಳು ಅವನ ಕಡೆ ನೋಡದೆ ಚಪ್ಪಲಿ ಕಳಚಿ ಒಳಗೆ ಕೂತಳು. ಇವತ್ತಾದರೂ ಪಾದ ನಿಲ್ಲುತ್ತದೆಯೇ? ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟಳು.

ಪಾದ ಜಾರಲಿಲ್ಲ.

ಏನೋ ಪರಿಚಿತ ಸ್ಪರ್ಶ. ಬಗ್ಗಿ ನೋಡಿದಳು. ಪೆಡಲಿನ ಮೇಲೆ ಅಗಲವಾದ ಕಬ್ಬಿಣದ ತಗಡು. ಅವಳ ಪಾದ ಹೇಗೆ ವಾಲುತ್ತದೆಯೋ ತಗಡೂ ಹಾಗೇ ಹೊರಕ್ಕೆ ವಾಲಿತ್ತು. ಅದರ ಮೇಲೆ ಚರ್ಮ, ಚರ್ಮದ ಮೇಲೆ ಹೊಲಿದು ಕೂರಿಸಿದ ಅವಳದೇ ಚಪ್ಪಲಿಯ ಅಟ್ಟೆ. ಎರಡು ವರ್ಷ ಅವಳ ಕಾಲು ಒಂದೇ ಅಂಚಿಗೆ ಸವೆಸಿದ್ದ ಆ ಗುಳಿಯಲ್ಲಿ ಪಾದ ಬರೋಬ್ಬರಿ ಕೂತಿತು. ತುಳಿದರೆ ಕ್ಲಚ್ ಹೂವಿನಷ್ಟು ಹಗುರ. ಕೀಲು ನೋಯಲಿಲ್ಲ.

ಅನುಪಮಾ ಸ್ಟೇರಿಂಗಿಗೆ ಹಣೆ ಹಚ್ಚಿದಳು.

ದುರುಗಪ್ಪ ಬಗ್ಗಿ ಪೆಡಲಿನ ಮೇಲೆ ಬೆರಳಾಡಿಸಿದ. ಕಣ್ಣು ಮಂಜಾದರೂ ಬೆರಳಿಗೆ ತನ್ನಪ್ಪನ ಕಸುಬು ಗೊತ್ತಿತ್ತು.

"ಈ ಹೊಲಿಗಿ ಯಾರು ಹಾಕ್ಯಾರ ತಮ್ಮಾ?"

"ನಾನ ಕಾಕಾ. ಬ್ಯಾರೆಯವರಿಗೆ ಕೊಡಾಕ ಮನಸ್ಸಾಗಲಿಲ್ಲ."

"ಸೊಟ್ಟ ಐತಿ. ನಮ್ಮಪ್ಪ ಇದ್ದಿದ್ರ ಬೈದು ಬಿಚ್ಚಿಸ್ತಿದ್ದ," ಎಂದ ದುರುಗಪ್ಪ. ಆಮೇಲೆ ಬೀರಲಿಂಗನ ಬಟ್ಟೆ ಸುತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಿಚ್ಚಿಸಿ, ಕುಂತು ಕಲಿಸ್ತಿದ್ದ."

ಅಪ್ಪ ಪಕ್ಕದ ಸೀಟಿಗೆ ಬಂದ. ಅನುಪಮಾ ಗಾಡಿಯನ್ನು ಮಸ್ಕಿ ದಾರಿಗೆ ಇಳಿಸಿದಳು. ಎರಡೂ ಕಡೆ ಭತ್ತದ ಗದ್ದೆ. ಎರಡನೇ ಗೇರು, ಮೂರನೇ ಗೇರು. ಎಂಜಿನ್ನಿನ ಸುತ್ತು ಎಣಿಸುವ ಮೀಟರಿನ ಮುಳ್ಳು ಐದು ಸಾವಿರ ದಾಟಿದಾಗ ಎಂಜಿನ್ನಿನ ದನಿ ಬದಲಾಯಿತು. ಅಲ್ಲಿತನಕ ಗುನುಗುತ್ತಿದ್ದದ್ದು ಒಮ್ಮೆಲೇ ಗಂಟಲು ಬಿಟ್ಟು ಹಾಡಿತು.

"ಬಂತು ನೋಡವ್ವಾ ದನಿ," ಎಂದ ಅಪ್ಪ. ಅವಳು ಅಳುತ್ತಲೇ ನಕ್ಕಳು.

* * *

ತಿರುಗಿ ಬಂದಾಗ ದುರುಗಪ್ಪ, "ನಾ ಮಲೀಕಸಾಬನ ಕಡೆ ಒಂದು ಚಾ ಕುಡಿದು ಬರ್ತೀನಿ," ಎಂದು ಇಳಿದು ಹೋದ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕೆಂದು ಗೊತ್ತಿರುವುದಿಲ್ಲವೇ?

"ಹೇಳಬಹುದಿತ್ತಲ್ರಿ ಅವತ್ತೇ, ಪೆಡಲಿಗೆ ಬೇಕು ಅಂತ?" ಎಂದಳು ಅನುಪಮಾ.

"ಆಗತೈತೋ ಇಲ್ಲೋ ನನಗ ಗೊತ್ತಿರಲಿಲ್ಲ. ಆಸೆ ಹಚ್ಚಿ ಆಗದಿದ್ರ ನಿಮಗ ಎರಡನೇ ಸಲ ಕಾಲು ಮುರದಂಗ. ನಾ ಎಂಥಾ ಮಾತು ಕೇಳೀನಿ ಅಂತ ಮಲೀಕಸಾಬ ಅವತ್ತು ಸಂಜಿಗೇ ಬೈದು ಹೇಳಿದ. ಆಮೇಲೆ ಮತ್ತ ಕೇಳಾಕ ಬಾಯಿ ಬರಲಿಲ್ಲ. ನಿಮ್ಮ ಕಾಲು ಕ್ಲಚ್ ಮ್ಯಾಲಿಂದ ಜಾರಿ ಕಣ್ಣಾಗ ನೀರು ಬಂದದ್ದು ಕನ್ನಡಿಯೊಳಗ ಕಾಣಿಸ್ತು. ಅವತ್ತ ಕದ್ದೆ."

"ಚಪ್ಪಲಿ ನೋಡಿ ಕಾಲಿನ ಲೆಕ್ಕ ತಿಳೀತೈತಿ ಅಂತ ನಿಮಗ ಯಾರು ಕಲಿಸಿದ್ರು? ಅದು ನಮ್ಮಜ್ಜನ ವಿದ್ಯೆ."

"ನಮ್ಮಪ್ಪ ಕುರಿ ಕಾಯೋನ್ರಿ. ಗೊರಸು ಸವೆದಿದ್ದು ನೋಡಿ ಯಾವ ಕುರಿಗೆ ಯಾವ ಕಾಲು ನೋಯಾಕತ್ತೈತಿ ಅಂತ ಹೇಳ್ತಿದ್ದ. ಮಂದಿಗೆ ಗೊರಸಿಲ್ಲ, ಚಪ್ಪಲಿ ಐತಿ."

"ಅಂದ್ರ ನನ್ನ ಕುರಿ ಮಾಡಿದ್ರಿ."

ಅವನು ಗಾಬರಿಯಾಗಿ ತಲೆಯೆತ್ತಿದ. ಅವಳು ನಗುತ್ತಿದ್ದಳು. ಅವನಿಗೆ ಜೀವ ಬಂತು.

"ಐದು ವಾರ ನನ್ನ ಪರೇಶಾನ್ ಮಾಡಿಬಿಟ್ರಿ," ಎಂದಳು ಮೆಲ್ಲಗೆ. "ನಿಮ್ಮ ಮ್ಯಾಲೆ ಸಿಟ್ಟಾಗಬೇಕೋ ಮನಸ್ಸಿಡಬೇಕೋ ಒಂದೂ ತಿಳೀಲಿಲ್ಲ."

"ಈಗ?"

"ಈಗ ಸಿಟ್ಟು ಮುಗೀತು."

ಬೀರಲಿಂಗ ಬೆರಳಿನ ಬಟ್ಟೆ ಬಿಚ್ಚಿ ಸುತ್ತುತ್ತ ನಿಂತ. ಎಂಜಿನ್ನಿನ ಜೊತೆಯಾದರೆ ಈಗ ಹತ್ತು ಮಾತಾಡುತ್ತಿದ್ದ.

"ಅವತ್ತು ಚಪ್ಪಲಿ ಬಿಟ್ಟು ಹೋಗ್ರಿ ಅಂದೆ. ತಪ್ಪಾತು," ಎಂದ.

"ಮತ್ತೇನನ್ನಬೇಕಿತ್ತು?"

"ಹೋಗಬ್ಯಾಡ್ರಿ ಅನ್ನಬೇಕಿತ್ತು."

ಅನುಪಮಾ ಅವನ ಗಾಯದ ಬೆರಳಿನ ಬಟ್ಟೆಯನ್ನು ತಾನೇ ಸರಿಯಾಗಿ ಸುತ್ತಿ ಗಂಟು ಹಾಕಿದಳು.

"ನಾಳೆ ಸಾಹೇಬರ ಮುಂದ ಗಾಡಿ ನಿಲ್ಲಿಸಬೇಕು, ಹೋಗಲೇಬೇಕು. ಸಂಜಿಗೆ ಆಫೀಸ್ ಮುಗಿಸಿ ಇಲ್ಲಿಗೆ ಬರ್ತೀನಿ."

"ಲಿಂಗಸುಗೂರಿಂದ ಬಂದ್ರ ನಿಮ್ಮ ಮನಿ ಮಸ್ಕಿಯೊಳಗ ಮೊದಲ ಬರತೈತಲ್ರಿ. ಸಿಂಧನೂರು ಅದನ್ನ ದಾಟಿ ಐತಿ."

"ಗೊತ್ತೈತಿ. ಅಳತಿ ನನ್ನ ಕೆಲಸ," ಎಂದು ಅವಳು ಕಾರಿನ ಬಾಗಿಲು ತೆಗೆದಳು. "ಗಾಡಿ ಜೋರ್ ಐತಲ್ಲ, ಬರ್ತೀನಿ."